ಬೇಲಿಯಾಚೆ ಬಾಯಿ ಮುಚ್ಕೊಂಡು ನಿಂತ ಎರಡು ದಿನ

ನನ್ನ ಮಗಳು ಮೊದಲ ಸಲ ಕುದುರೆ ಸವಾರಿ ಸ್ಪರ್ಧೆಯಿಂದ ಹೊರಗೆ ಬಿದ್ದಿದ್ದು ನನ್ನಿಂದ. ಕುದುರೆಯ ತಪ್ಪು ಏನೂ ಇರಲಿಲ್ಲ.

ಹೋದ ವರ್ಷದ ಮಾತು. ಅವಳಿಗೆ ಆಗ ಹತ್ತು ವರ್ಷ. ಡ್ರೆಸಾಜ್ ಅಂತ ಒಂದು ವಿಭಾಗ. 20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಗಳದಲ್ಲಿ, ಮೊದಲೇ ಬಾಯಿಪಾಠ ಮಾಡಿದ ದಾರಿಯಲ್ಲಿ ಕುದುರೆ ನಡೆಸಬೇಕು. ಸುತ್ತಲೂ ಅಂಚಿನಲ್ಲಿ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಅಂತ ಅಕ್ಷರದ ಬೋರ್ಡು. ಎ ಹತ್ತಿರ ಒಳಗೆ ಬಂದು, ನಟ್ಟನಡುವೆ ನಿಂತು, ತಲೆಬಾಗಿ ನಮಸ್ಕಾರ ಮಾಡಿ, ನೇರ ಸಿ ಕಡೆಗೆ ಹೋಗಿ ಎಡಕ್ಕೆ ತಿರುಗಬೇಕಿತ್ತು. ಪುಟ್ಟಿ ಬಲಕ್ಕೆ ತಿರುಗಿಬಿಟ್ಟಳು. ನಾನು ಬೇಲಿ ಹಿಡಿದು ನಿಂತವಳು "ಎಡಕ್ಕೇ! ಪುಟ್ಟಿ, ಎಡಕ್ಕೆ!" ಅಂತ ಕಿರುಚಿದೆ. ಸಾಲದ್ದಕ್ಕೆ ಕೈಯನ್ನೂ ಬೀಸಿದೆ. ಜಡ್ಜ್ ಕೂರುವುದು ಸಿ ಬೋರ್ಡಿನ ಹಿಂದೆಯೇ. ಅವರಿಗೆ ಕನ್ನಡ ಬರುತ್ತಿರಲಿಲ್ಲ ಅನ್ನಿಸುತ್ತೆ. ಆದರೆ ಬೀಸಿದ ಕೈ ಎಲ್ಲರಿಗೂ ಕಾಣುತ್ತೆ, ಅಲ್ವಾ? ಗಂಟೆ ಬಾರಿಸಿದರು.

ಆಮೇಲೆ ಕೋಚ್ ಸರ್ ಹೇಳಿದ ಮೇಲೆ ಗೊತ್ತಾಗಿದ್ದು ಇಷ್ಟು. ದಾರಿ ತಪ್ಪಿದರೆ ಗಂಟೆ ಬಾರಿಸಿ, ಒಂದಷ್ಟು ಅಂಕ ಕಳೆದು, ತಪ್ಪಿದ ಜಾಗದಿಂದ ಮತ್ತೆ ಶುರು ಮಾಡಲು ಬಿಡುತ್ತಾರೆ. ಹೊರಗಿನವರು ಬಾಯಿಂದಲೋ ಸನ್ನೆಯಿಂದಲೋ ಸಹಾಯ ಮಾಡಿದರೆ ನೇರ ಎಲಿಮಿನೇಷನ್. ಕೆಲವು ಕಡೆ ಚಿಕ್ಕ ಮಕ್ಕಳಿಗೆ ಒಬ್ಬರು ಪಕ್ಕದಲ್ಲಿ ನಿಂತು ದಾರಿ ಓದಿ ಹೇಳಲು ಬಿಡುವುದುಂಟು. ಅಲ್ಲಿ ಅದೂ ಇರಲಿಲ್ಲ. ಅಂದರೆ ಪುಟ್ಟಿಯ ತಪ್ಪಿಗೆ ಹೋಗುತ್ತಿದ್ದದ್ದು ಒಂದೆರಡು ಅಂಕ. ನನ್ನ ಸಹಾಯಕ್ಕೆ ಪೂರ್ತಿ ಟೆಸ್ಟೇ ಹೋಯಿತು. ಮೈದಾನದಿಂದ ಪುಣೆಯ ಕೋಥ್ರೂಡಿನ ಮನೆ ತಲುಪುವವರೆಗೂ ಅವಳು ನನ್ನ ಹತ್ತಿರ ಮಾತಾಡಲಿಲ್ಲ.

ಈ ಸಲದ ಶನಿವಾರ, ಭಾನುವಾರ ನಾನು ಹೇಗೆ ಕಳೆದೆ ಅಂತ ಹೇಳಬೇಕೆಂದರೆ ಮೊದಲು ಇಷ್ಟು ಗೊತ್ತಿರಲಿ. ನಾವು ಧಾರವಾಡದವರು. ಪುಣೆಗೆ ಬಂದು ಹದಿನಾಲ್ಕು ವರ್ಷ. ನಾನು ಬ್ಯಾಂಕಿನಲ್ಲಿ, ನಮ್ಮನೆಯವರು ಹಿಂಜವಾಡಿಯ ಕಂಪನಿಯಲ್ಲಿ. ನಮ್ಮ ಮನೆತನದಲ್ಲಿ ಕುದುರೆ ಹತ್ತಿದವರು ಯಾರೂ ಇಲ್ಲ, ಟಾಂಗಾ ಹತ್ತಿದವರಷ್ಟೇ. ಬೇಸಿಗೆ ರಜೆಯಲ್ಲಿ ಸುಮ್ನೆ ಸೇರಿಸಿದ ಕ್ಯಾಂಪು ಇಲ್ಲಿಗೆ ತಂದು ನಿಲ್ಲಿಸಿದೆ. ಇದು ದುಡ್ಡಿನವರ ಆಟ ಅನ್ನುವ ಮಾತು ಸುಳ್ಳಲ್ಲ. ನಮ್ಮದು ಸ್ವಂತ ಕುದುರೆ ಅಲ್ಲ, ಕ್ಲಬ್ಬಿನದು. ಬೂಟು ಸೆಕೆಂಡ್ ಹ್ಯಾಂಡ್. ಕೋಟು ದೊಡ್ಡ ಹುಡುಗಿಯೊಬ್ಬಳಿಗೆ ಗಿಡ್ಡವಾಗಿ ಬಿಟ್ಟದ್ದು. ಹೆಲ್ಮೆಟ್ ಮಾತ್ರ ಹೊಸದೇ ಕೊಂಡೆವು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಒಡೆದಿರಬಹುದು, ಹಾಗಾಗಿ ಬೇರೆಯವರದು ತಗೊಳ್ಳಬೇಡಿ. ಪುಟ್ಟಿಯ ಕೋಣೆಯ ಗೋಡೆ ಮೇಲೆ ಫವಾದ್ ಮಿರ್ಜಾ ಫೋಟೋ ಇದೆ. ಬೆಂಗಳೂರಿನ ಸವಾರ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶದ ಡ್ರೆಸಾಜ್ ತಂಡ ಚಿನ್ನ ಗೆದ್ದಾಗ ಇವಳು ಶಾಲೆಗೆಲ್ಲ ಪೇಡೆ ಹಂಚಿದಳು.

ತಯಾರಿಗೆ ಒಂದು ಉಪಾಯ ಮಾಡಿದೆ. ಟೆರೇಸಿನಲ್ಲಿ ಸೀಮೆಸುಣ್ಣದಿಂದ 2 ಮೀಟರ್ ಅಗಲ, 4 ಮೀಟರ್ ಉದ್ದದ ಚೌಕ ಹಾಕಿ, ಅಕ್ಷರ ಬರೆದೆ. ನಿಜವಾದದ್ದರ ಹತ್ತನೇ ಒಂದು ಪಾಲು. ದಿನಾ ಸಂಜೆ ಪುಟ್ಟಿ ಅದರಲ್ಲಿ ಕಾಲ್ನಡಿಗೆಯಲ್ಲೇ ಪೂರ್ತಿ ಟೆಸ್ಟ್ ಮಾಡುವುದು. ನಡಿಗೆ ಇದ್ದಲ್ಲಿ ನಡಿಗೆ, ಟ್ರಾಟ್ ಇದ್ದಲ್ಲಿ ಕುಲುಕು ಓಟ. ಮೂರನೇ ದಿನ ನಮ್ಮ ಅತ್ತೆ ಸೀಮೆಸುಣ್ಣದ ಗೆರೆ ನೋಡಿ ಸಹಿಸಲಾರದೆ ರಂಗೋಲಿ ಹಿಟ್ಟಿನಲ್ಲಿ ತಿದ್ದಿದರು. ನಾಲ್ಕು ಮೂಲೆಗೆ ಹೂವನ್ನೂ ಬಿಟ್ಟರು. ಅದಾದ ಮೇಲೆ ಎಡ, ಬಲ ತಪ್ಪಲಿಲ್ಲ. ನಿಮ್ಮ ಮನೆಯಲ್ಲೂ ಡ್ರೆಸಾಜ್ ಮಾಡುವ ಮಗು ಇದ್ದರೆ ಕಾಗದದ ಮೇಲೆ ಬಾಯಿಪಾಠ ಮಾಡಿಸಬೇಡಿ. ಕಾಲಿಗೆ ಗೊತ್ತಾಗಬೇಕು.

ಶನಿವಾರ ಬೆಳಿಗ್ಗೆ ಐದಕ್ಕೆ ಲಾಯದಲ್ಲಿದ್ದೆವು. ಡಿಸೆಂಬರಿನ ಪುಣೆ, ಊರ ಹೊರಗಿನ ಬಯಲು, ಬಾಯಿ ತೆರೆದರೆ ಹೊಗೆ. ನಮ್ಮ ಪಾಲಿನ ಕುದುರೆ ಹೆಸರು ಕ್ಯಾಪ್ಟನ್. ಕೆಂಚು ಮೈ, ಹಣೆ ಮೇಲೆ ಬಿಳಿ ಪಟ್ಟೆ, ವಯಸ್ಸು ಹದಿನಾಲ್ಕು. ಒಂದು ಕಾಲಕ್ಕೆ ರೇಸಿನ ಕುದುರೆ. ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈ ಅಂತ ಓಡಿ ನಿವೃತ್ತನಾದವನು. ಕ್ಲಬ್ಬುಗಳಲ್ಲಿ ಇಂಥವೇ ಜಾಸ್ತಿ. ಓಡು ಅಂದರೆ ಗೊತ್ತು, ನಿಲ್ಲು ಅನ್ನುವುದನ್ನು ಹೊಸದಾಗಿ ಕಲಿಸಬೇಕು.

ಡ್ರೆಸಾಜ್‌ಗೆ ಕುದುರೆಯ ಕುತ್ತಿಗೆ ಕೂದಲನ್ನು ಸಣ್ಣ ಸಣ್ಣ ಜಡೆ ಹೆಣೆದು, ಮಡಿಚಿ, ಗುಂಡಿಯಂತೆ ಕಟ್ಟುತ್ತಾರೆ. ನಾನು ವಿಡಿಯೋ ನೋಡಿ ಕಲಿತಿದ್ದೆ. ಮೊದಲ ಜಡೆ ಕಟ್ಟುವಷ್ಟರಲ್ಲೇ ಸಡಿಲವಾಯಿತು. ಎರಡನೆಯದು ಸೊಟ್ಟ. ಕ್ಯಾಪ್ಟನ್ ಕುತ್ತಿಗೆ ಕೊಡವಿದ. ಅತ್ತೆ ಶಾಲು ಹೊದ್ದು ಹುಲ್ಲಿನ ಪೆಂಡಿ ಮೇಲೆ ಕೂತಿದ್ದರು. ಎದ್ದು ಬಂದು "ಸರಿ ಅತ್ಲಾಗ. ಜಡಿ ಹಾಕೂದ ಬರೂದಿಲ್ಲೇನು ನಿನಗ?" ಅಂದರು.

ಕುದುರೆ ನೋಡಿಕೊಳ್ಳುವ ಸಾಯಿಸ್ ಕಾಕಾ ಒಂದು ಸ್ಟೂಲ್ ತಂದಿಟ್ಟು ಲಗಾಮು ಹಿಡಿದು ನಿಂತರು. ಅತ್ತೆ ಸ್ಟೂಲ್ ಹತ್ತಿ, ಕೂದಲಿಗೆ ನೀರು ಹಚ್ಚಿ, ಬಾಚಣಿಗೆಯಿಂದ ಅಳತೆ ತೆಗೆದು ಬೈತಲೆ ತೆಗೆದರು. ಬಾಚಣಿಗೆಯ ಅಗಲ ಎಷ್ಟೋ ಒಂದು ಜಡೆಗೆ ಅಷ್ಟು ಕೂದಲು. ಮೂರು ಎಳೆ, ಬುಡದಿಂದಲೇ ಬಿಗಿ. ಅರ್ಧ ಹೆಣೆದ ಮೇಲೆ ಕಂದು ಬಣ್ಣದ ಉಣ್ಣೆ ದಾರ ಸೇರಿಸಿ ಹೆಣೆದರು, ತುದಿ ಬಿಚ್ಚಿಕೊಳ್ಳದ ಹಾಗೆ. ಆಮೇಲೆ ಎರಡು ಮಡಿಕೆ, ಒಂದು ಗಂಟು. ಮೊಗ್ಗಿನ ಜಡೆಗೆ ಮೊಗ್ಗು ಕೂರಿಸಿದಷ್ಟೇ ಮುತುವರ್ಜಿ. ಹನ್ನೊಂದು ಜಡೆ ಮುಗಿಯುವಷ್ಟರಲ್ಲಿ ಬೆಳಕಾಯಿತು. ಕ್ಯಾಪ್ಟನ್ ಕೆಳತುಟಿ ಜೋತುಬಿಟ್ಟು ನಿದ್ದೆ ಹೋಗಿದ್ದ.

ಖುಷಿಯಲ್ಲಿ ಅತ್ತೆ ಡಬ್ಬಿ ತೆಗೆದು ಅವನ ಬಾಯಿಗೆ ಪೇಡೆ ಹಿಡಿದರು. ಕಾಕಾ ಹೌಹಾರಿ ಕೈ ಅಡ್ಡ ಇಟ್ಟರು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಗೆ ಆಗದ್ದು ಒಳಗೆ ಹೋದರೆ ಹೊರಗೆ ಬರುವ ದಾರಿಯೇ ಇಲ್ಲ. ಹೊಟ್ಟೆಶೂಲೆ ಬಂದರೆ ಜೀವಕ್ಕೇ ಅಪಾಯ. ಕ್ಯಾರೆಟ್ ಕೂಡ ಅವರನ್ನು ಕೇಳಿಯೇ ಕೊಡಬೇಕು. ಪೇಡೆ ಕಾಕಾನ ಬಾಯಿಗೆ ಹೋಯಿತು.

ಪುಟ್ಟಿಯ ಸರದಿ 9.42ಕ್ಕೆ. ಅದಕ್ಕೆ ಮೊದಲು ಮುಕ್ಕಾಲು ಗಂಟೆ ವಾರ್ಮಪ್. ಈ ಹೊತ್ತಿನಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ಹತ್ತಿರ ಹೋಗದಿರುವುದೇ ಒಳ್ಳೆಯದು. ನಾನು ಬೂಟು ಒರೆಸುವ ಬಟ್ಟೆ, ನೀರಿನ ಬಾಟಲಿ ಹಿಡಿದುಕೊಂಡು ದೂರ ನಿಂತೆ. ಅವಳು ಗೇಟಿನ ಹತ್ತಿರ ಬಂದಾಗ ಬೂಟಿನ ಧೂಳು ಒರೆಸಿದೆ. ಏನೋ ಹೇಳಲು ಬಾಯಿ ತೆರೆದೆ. ಅವಳು ಹೆಲ್ಮೆಟ್ ಒಳಗಿಂದ ದುರುಗುಟ್ಟಿ ನೋಡಿದಳು. ಮುಚ್ಚಿದೆ.

ಎ ಹತ್ತಿರ ಒಳಗೆ ಬಂದಳು. ನಿಂತಳು. ಕ್ಯಾಪ್ಟನ್ ಹಿಂಗಾಲು ಸ್ವಲ್ಪ ಓರೆ, ಆದರೂ ಅಲುಗಲಿಲ್ಲ. ತಲೆಬಾಗಿದಳು. ಸಿ ಕಡೆ ಹೊರಟಳು. ನನ್ನ ಗಂಟಲೊಳಗೆ "ಎಡಕ್ಕೆ" ಅನ್ನುವುದರ "ಎ" ಹುಟ್ಟಿತ್ತು, ದೇವರಾಣೆ. ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಇಡೀ ಪೇಡೆಯನ್ನು ನನ್ನ ಬಾಯಿಗೆ ತುರುಕಿತು. ಅತ್ತೆ. ಮುಖ ಮಾತ್ರ ಅಂಗಳದ ಕಡೆಗೇ ಇತ್ತು. ಧಾರವಾಡದ ಪೇಡೆ ತಿಂದವರಿಗೆ ಗೊತ್ತು, ಅದು ಬೇಗ ಕರಗುವ ವಸ್ತುವಲ್ಲ. ನಾನು ಅಗಿಯುತ್ತಿರುವಾಗ ಪುಟ್ಟಿ ಎಡಕ್ಕೆ ತಿರುಗಿದಳು.

ಸಂಜೆ ಮಾರ್ಕ್ಸ್ ಶೀಟ್ ಕೈಗೆ ಬಂತು. ಪ್ರತಿ ಚಲನೆಗೂ ಹತ್ತರಲ್ಲಿ ಇಷ್ಟು ಅಂತ ಅಂಕ, ಪಕ್ಕದಲ್ಲಿ ಒಂದೊಂದು ಸಾಲು ಟಿಪ್ಪಣಿ. ಸರ್ಕಲ್ ಮೊಟ್ಟೆಯಂತಿದೆ, 5. ನಿಲುಗಡೆ ನೇರವಿಲ್ಲ, 5.5. ಒಟ್ಟು 58 ಶೇಕಡಾ ಚಿಲ್ಲರೆ, ಹದಿನೇಳು ಮಕ್ಕಳಲ್ಲಿ ಒಂಬತ್ತನೇ ಸ್ಥಾನ. ಮಕ್ಕಳಿಗೆ ಪದಕದ ಬಣ್ಣಕ್ಕಿಂತ ಈ ಹಾಳೆ ತೋರಿಸಿ. ಮುಂದಿನ ತಿಂಗಳು ಏನು ಕಲಿಯಬೇಕು ಅಂತ ಪುಕ್ಕಟೆ ಬರೆದುಕೊಟ್ಟಿರುತ್ತಾರೆ.

ಭಾನುವಾರ ಜಂಪಿಂಗ್, ಅಂದರೆ ಅಡ್ಡಕೋಲುಗಳ ಮೇಲಿಂದ ಕುದುರೆ ಹಾರಿಸುವುದು. ಎತ್ತರ 60 ಸೆಂಟಿಮೀಟರ್. ಇದರ ಲೆಕ್ಕ ಸರಳ. ಕೋಲು ಬಿದ್ದರೆ 4 ಪೆನಾಲ್ಟಿ, ಕುದುರೆ ಹಾರದೆ ನಿಂತರೆ 4, ಸವಾರ ಬಿದ್ದರೆ ಆಟ ಮುಗಿಯಿತು. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ ಇಟ್ಟುಕೊಂಡು ಹಾರಬೇಕು. ಶುರುವಾಗುವ ಮೊದಲು ಮಕ್ಕಳು ಕೋಚ್ ಜೊತೆ ಅಂಗಳದಲ್ಲಿ ನಡೆದು ಎರಡು ಜಂಪ್‌ಗಳ ನಡುವಿನ ಅಂತರ ಅಳೆಯುತ್ತಾರೆ. ಕುದುರೆಯ ಒಂದು ದಾಪು ಸುಮಾರು 12 ಅಡಿ, ಅಂದರೆ ಮನುಷ್ಯನ ಮೂರಡಿಯ ನಾಲ್ಕು ಹೆಜ್ಜೆ. ಹಾರಿ ಇಳಿಯಲು ಎರಡು ಹೆಜ್ಜೆ, ಮತ್ತೆ ಹಾರಲು ಎರಡು ಬಿಟ್ಟು ಉಳಿದದ್ದು ದಾಪಿನ ಲೆಕ್ಕ. ಸಣ್ಣ ಎತ್ತರಕ್ಕೆ ಕುದುರೆ ಅಷ್ಟು ಉದ್ದ ಚಾಚುವುದಿಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಪುಟ್ಟಿ ಹೆಜ್ಜೆ ಮೂರಡಿ ಬರಬೇಕಲ್ಲ? ಹಾಲ್‌ನಲ್ಲಿ ಮೂರಡಿಗೊಂದು ಟೇಪು ಅಂಟಿಸಿ ಎರಡು ವಾರ ಅಭ್ಯಾಸ ಮಾಡಿದ್ದಳು. ಅವಳ ತಮ್ಮ ಹಿಂದೆ ಹಿಂದೆ ಕಪ್ಪೆಯಂತೆ ಜಿಗಿಯುತ್ತಿದ್ದ.

ಎಂಟು ಜಂಪ್‌ಗಳಲ್ಲಿ ಆರನೆಯದರ ಕೋಲು ಬಿತ್ತು. ತಿರುವಿನಲ್ಲಿ ಆತುರಪಟ್ಟಳು, ಅಷ್ಟೇ. 4 ಪೆನಾಲ್ಟಿ. ಹೊರಗೆ ಬಂದವಳು ಅಳಲಿಲ್ಲ. ಇಳಿದು ಜೀನಿನ ಪಟ್ಟಿ ಸಡಿಲಿಸಿ, ಕ್ಯಾಪ್ಟನ್‌ನ ಕುತ್ತಿಗೆ ತಟ್ಟಿ, "ನಂದೇ ತಪ್ಪು, ಸಾರಿ" ಅಂದಳು. ಅವನ ಕಾಲಿಗೆ ತಣ್ಣೀರು ಹಾಕಿ, ಉಸಿರು ತಹಬಂದಿಗೆ ಬರುವವರೆಗೆ ನಡೆಸಿದ ಮೇಲೇ ನಮಗೆ ಊಟ.

ಮನೆಗೆ ಹೊರಟಾಗ ಕಾರಿನ ತುಂಬ ಕುದುರೆ ವಾಸನೆ. ಮಕ್ಕಳಿಬ್ಬರೂ ನಿದ್ದೆ. ಅತ್ತೆ ಧಾರವಾಡದಲ್ಲಿರುವ ತಂಗಿಗೆ ಫೋನ್ ಹಚ್ಚಿದರು. "ಹನ್ನೊಂದು ಜಡಿ ಹಾಕಿದೆ ನೋಡವಾ ಕುದುರಿಗೆ. ಒಂದೂ ಬಿಚ್ಚಲಿಲ್ಲ. ಬ್ಯಾರೆದವರು ಬಂದು ಫೋಟೋ ಹೊಡಕೊಂಡು ಹೋದರು." ಆ ಕಡೆಯಿಂದ ಏನೋ ಕೇಳಿದರು. "ಹುಡುಗಿನಾ? ಹೂಂ, ಆಕಿನೂ ಛಲೋ ಮಾಡಿದಳು" ಅಂದವರು ಮತ್ತೆ ಜಡೆಗೇ ಹೊರಳಿದರು.