ಹಳೇ ಫೋನ್ ಕೇಬಲ್‌ನಲ್ಲಿ ಲಾರಿ ತೂಕ ಓಡಿಸಿದೆ

ಗಂಗಾವತಿಯ ಒಂದು ರೈಸ್ ಮಿಲ್. ಲಾರಿ ತೂಗೋ ವೇಬ್ರಿಜ್ ಗೇಟಿನ ಹತ್ತಿರ, ಆಫೀಸು ಒಳಗಡೆ. ನಡುವೆ ಸುಮಾರು 400 ಮೀಟರ್. ತೂಕ ನೇರ ಕಂಪ್ಯೂಟರಿಗೆ ಬರಬೇಕು ಅಂತ ಸಾಹುಕಾರರ ಹಟ. ಚೀಟಿಯ ಅಂಕಿ ಮೇಲೆ ಅವರಿಗೆ ನಂಬಿಕೆ ಇಲ್ಲ.

ಮೊದಲು ಬಂದವರು ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆದು, ಅದು ಒಂದೇ ಓಟಕ್ಕೆ ಅಷ್ಟು ದೂರ ಹೋಗೋದಿಲ್ಲ ಅಂತ 100 ಮೀಟರಿಗೊಂದು ಸ್ವಿಚ್ ಇಟ್ಟಿದ್ದರು. ಕೇಬಲ್ಲೂ ತಾಮ್ರ ಬಳಿದ ಅಲ್ಯೂಮಿನಿಯಂ. ಒಂದೇ ಸಿಡಿಲಿಗೆ ಎಲ್ಲ ಸುಟ್ಟವು. ಆಮೇಲೆ ನಾನು ವೈರ್‌ಲೆಸ್ ಹಾಕಿದೆ, ಜೋಡಿಗೆ ಎಂಟು ಸಾವಿರದ ಆಸುಪಾಸು. ಸುಗ್ಗಿ ಬಂತು, ಭತ್ತದ ಲಾರಿಗಳು ಆಂಟೆನಾ ಎದುರಿಗೇ ಸಾಲು ನಿಂತವು, ಲಿಂಕ್ ಬಿತ್ತು. ತೂಕ ಬೇಕಾಗೋದೇ ಲಾರಿ ಬಂದಾಗ ಅಲ್ವಾ! ಫೈಬರ್‌ಗೆ ಅಗೆತ ಸೇರಿ ನಲವತ್ತು ಸಾವಿರ ಅಂದೆ. ಸಾಹುಕಾರರು ಚಹಾ ಕುಡಿಸಿ ಕಳಿಸಿದರು.

ನೆಲದೊಳಗೆ ಇಂಟರ್‌ಕಾಮ್‌ನ ಹಳೇ ಜೆಲ್ಲಿ ಕೇಬಲ್, ಅಂದ್ರೆ ನೀರು ಇಳಿಯದ ಹಾಗೆ ಜೆಲ್ಲಿ ತುಂಬಿದ ಫೋನ್ ಕೇಬಲ್ ಇತ್ತು. ಅದರ ಒಂದು ಜೋಡಿ ತಂತಿಯಲ್ಲಿ ಆರ್‌ಎಸ್-485 (ಎರಡು ತಂತಿಯಲ್ಲಿ ದೂರಕ್ಕೆ ಡೇಟಾ ಕಳಿಸೋ ಪದ್ಧತಿ) ಓಡಿಸ್ತೀನಿ ಅಂದಾಗ ಮಿಲ್ಲಿನ ಎಲೆಕ್ಟ್ರಿಷಿಯನ್ ನಕ್ಕ. "ಫೋನ್ ವೈರ್‌ನಾಗ ಡೇಟಾ ಹೋಗ್ತೈತೇನ್ರೀ? ಮೋಟರ್ ಚಾಲೂ ಆದ್ರ ಎಲ್ಲಾ ಖಲಾಸ್."

ಅರ್ಧ ಮಾತು ನಿಜವಾಯ್ತು. ರಾತ್ರಿ ಸರಿಯಾಗಿದ್ದ ತೂಕ, ಬೆಳಿಗ್ಗೆ ಮೋಟರ್ ತಿರುಗಿದ ಕೂಡಲೇ ಕಲಸುಮೇಲೋಗರ. 24 ಟನ್ ಇದ್ದದ್ದು 34 ಅಂತ ಬಂತು. ಅಕ್ಷರಗಳನ್ನ ಬಿಟ್‌ಗಳಾಗಿ ಬರೆಯೋ ಆಸ್ಕಿ ಕೋಡಿನಲ್ಲಿ 2ಕ್ಕೂ 3ಕ್ಕೂ ಒಂದೇ ಬಿಟ್ ವ್ಯತ್ಯಾಸ, ತೂಕ ತೋರಿಸೋ ಇಂಡಿಕೇಟರ್ ತಪ್ಪು ಹಿಡಿಯೋ ಚೆಕ್‌ಸಮ್ ಕಳಿಸೋದಿಲ್ಲ. ಹತ್ತು ಟನ್ ಭತ್ತ ಸುಮ್ನೆ ಹುಟ್ಟಿಬಿಡ್ತು! ಸಿಗ್ನಲ್ ತುದಿಗೆ ಬಡಿದು ವಾಪಸ್ ಬರದಿರಲಿ ಅಂತ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿದೆ, ಫರಕ್ ಬೀಳಲಿಲ್ಲ. ಈ ವೇಗಕ್ಕೆ, ಈ ದೂರಕ್ಕೆ ಅದು ಅಷ್ಟೇನೂ ಮುಖ್ಯವೂ ಅಲ್ಲ. ಕೊನೆಗೆ ಎರಡು ಕಡೆಯ ಅರ್ಥಿಂಗ್ ನಡುವೆ ಮೀಟರ್ ಹಿಡಿದೆ. ಮೋಟರ್ ಲೋಡ್ ತಗೊಂಡಾಗ ಮುಳ್ಳು ಹದಿನೈದು ವೋಲ್ಟ್ ದಾಟಿ ಕುಣೀತಿತ್ತು. 485 ಚಿಪ್ ತಡೆಯೋದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ಮಾತ್ರ. ಎರಡೂ ತುದಿಯ ಮುನ್ನೂರು ರೂಪಾಯಿಯ 485 ಕನ್ವರ್ಟರ್ ಕಿತ್ತು ಐಸೊಲೇಟೆಡ್, ಅಂದ್ರೆ ಎರಡು ಕಡೆಯ ಅರ್ಥಿಂಗ್ ಒಂದಕ್ಕೊಂದು ತಾಗದ ಹಾಗೆ ಬೇರ್ಪಡಿಸೋದು, ಹಾಕಿದೆ, ಒಂದಕ್ಕೆ ಎರಡು ಸಾವಿರ ಚಿಲ್ಲರೆ. ಅವತ್ತೇ ಅಂಕಿ ನಿಂತಿತು.

ವೇಗವನ್ನೂ ಸೆಕೆಂಡಿಗೆ 9600 ಬಿಟ್‌ನಿಂದ 2400ಕ್ಕೆ ಇಳಿಸಿದೆ. ಎಲ್ಲರೂ ಮೆಗಾಬಿಟ್ ಮಾರ್ತಾರೆ, ತೂಕಕ್ಕೆ ಬೇಕಾದದ್ದು ಹತ್ತೇ ಅಕ್ಷರ. 2400 ಅಂದ್ರೆ ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಅಕ್ಷರ, ಇಪ್ಪತ್ತಕ್ಕೂ ಜಾಸ್ತಿ ರೀಡಿಂಗ್. ಮೇಲೆ ಈವನ್ ಪ್ಯಾರಿಟಿ ಇಟ್ಟೆ, ಅಂದ್ರೆ ಪ್ರತಿ ಅಕ್ಷರಕ್ಕೂ ಒಂದು ಕಾವಲು ಬಿಟ್; ಒಂದು ಬಿಟ್ ತಿರುಗಿದರೆ ಅದು ಹಿಡಿಯುತ್ತೆ. ಎರಡು ಬಿಟ್ ತಿರುಗಿದರೆ ಪ್ಯಾರಿಟಿಗೆ ಗೊತ್ತಾಗೋದಿಲ್ಲ. ಅದಕ್ಕೆ ಒಂದೇ ರೀಡಿಂಗ್ ಸತತವಾಗಿ ಬಂದರೆ ಮಾತ್ರ ಸಾಫ್ಟ್‌ವೇರ್ ಒಪ್ಪಿಕೊಳ್ಳುತ್ತೆ. ಎಷ್ಟು ಸಲ, ಎಷ್ಟು ಅಂತರದಲ್ಲಿ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯೋದಿಲ್ಲ.

ಹುಮ್ಮಸ್ಸಿನಲ್ಲಿ ಕಾಂಪೌಂಡಿನ ಮುಳ್ಳುತಂತಿಯ ಎರಡು ಎಳೆಯಲ್ಲೂ 1200ರಲ್ಲಿ ಕಳಿಸಿ ನೋಡಿದೆ. ಕಲ್ಲು ಕಂಬದ ಬೇಲಿ. ಮಧ್ಯಾಹ್ನ ಬಿಸಿಲಲ್ಲಿ ತೂಕ ಸರಾಗ ಬಂತು! ಬೆಳಗಿನ ಇಬ್ಬನಿಗೆ ಸತ್ತುಹೋಯ್ತು.

ಒಟ್ಟು ಖರ್ಚು ಆರು ಸಾವಿರದೊಳಗೆ, ನನ್ನ ಕೂಲಿ ಬೇರೆ. ಈಗ ಆ ಎಲೆಕ್ಟ್ರಿಷಿಯನ್ನೇ ಕಾರಟಗಿಯ ಮಿಲ್ಲಿಗೆ ನನ್ನ ನಂಬರ್ ಕೊಟ್ಟಿದ್ದಾನೆ. ಇಲ್ಲಿ ಸಾಹುಕಾರರು ಇದೇ ವೈರಿನಲ್ಲಿ ಕ್ಯಾಮೆರಾನೂ ಹಾಕು ಅಂತ ಬೆನ್ನು ಬಿದ್ದಿದ್ದಾರೆ. ಆಗೋದಿಲ್ಲ ಅಂದು, ಫೈಬರ್‌ನ ಹಳೇ ಎಸ್ಟಿಮೇಟನ್ನೇ ಮತ್ತೆ ಕೊಟ್ಟು ಬಂದಿದ್ದೀನಿ.