ಕಾಟಾ ಚೀಟಿ ಹಿಡಿದು ಸಿ ಭಾಷೆ ಕಲಿಯೋಣ

ಜಮಖಂಡಿಯಲ್ಲಿ ನಾನು ಪಾಠ ಹೇಳುವ ಮಕ್ಕಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ಕಬ್ಬು ಬೆಳೆಯುತ್ತಾರೆ. ಕಂಪ್ಯೂಟರಿಗೆ ಕೆಲಸ ಹೇಳುವ ಸಿ ಭಾಷೆ ಎಂದೊಡನೆ ಅವರ ಮುಖ ಸಣ್ಣದಾಗುತ್ತದೆ. ಅದು ಇಂಗ್ಲಿಷ್ ಬಲ್ಲವರಿಗೆ ಮಾತ್ರ ಒಲಿಯುವ ವಿದ್ಯೆ ಎಂಬ ಅಂಜಿಕೆ. ಈ ಅಂಜಿಕೆಯನ್ನು ಮೊದಲು ಬಿಡಿಸಬೇಕು. 1989ರಲ್ಲಿ ಪ್ರಮಾಣೀಕರಿಸಿದ ಸಿ ಭಾಷೆಯಲ್ಲಿರುವ ಮೀಸಲು ಪದಗಳು, ಅಂದರೆ ಭಾಷೆಯೇ ಅರ್ಥ ಗೊತ್ತುಮಾಡಿಟ್ಟ ಪದಗಳು, ಒಟ್ಟು 32. ಮೊದಲ ತಿಂಗಳಿಗೆ ಅವುಗಳಲ್ಲಿ ಏಳೆಂಟು ಸಾಕು. ಉಳಿದದ್ದೆಲ್ಲ ಲೆಕ್ಕ. ಆ ಲೆಕ್ಕವನ್ನು ನಮ್ಮ ಮಕ್ಕಳು ಸಕ್ಕರೆ ಕಾರ್ಖಾನೆಯ ಕಾಟಾ ಚೀಟಿ (ಕಬ್ಬಿನ ತೂಕದ ಚೀಟಿ) ಹಿಡಿದು ಕನ್ನಡದಲ್ಲೇ ಮಾಡುತ್ತ ಬೆಳೆದಿದ್ದಾರೆ.

ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಈ ಭಾಷೆಯನ್ನು ರೂಪಿಸಿದ್ದು 1972ರ ಸುಮಾರಿಗೆ, ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ಎಂಬ ವ್ಯವಸ್ಥೆಯ ಕೆಲಸಕ್ಕಾಗಿ. ಇಂದು ಆಂಡ್ರಾಯ್ಡ್ ಮೊಬೈಲಿನ ತಳದಲ್ಲಿರುವ ಲಿನಕ್ಸ್ ಕರ್ನೆಲ್‌ನ ಬಹುಪಾಲು ಸಿ ಭಾಷೆಯಲ್ಲೇ ಇದೆ. ಅಪ್ಪನ ಜೇಬಿನಲ್ಲಿರುವ ಫೋನು ನಡೆಯುವುದೂ ಇದರಿಂದಲೇ ಎಂದರೆ ಮಕ್ಕಳು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಬೇಕಾದ ಸಾಮಾನು ಎರಡು: ಬರೆಯಲು ಒಂದು ಎಡಿಟರ್, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಲು ಒಂದು ಕಂಪೈಲರ್. ಲಿನಕ್ಸ್ ಇದ್ದರೆ ಜಿಸಿಸಿ ಎಂಬ ಕಂಪೈಲರ್ ಹಾಕಿಕೊಳ್ಳಿ. ವಿಂಡೋಸ್ ಇದ್ದರೆ ಕೋಡ್ ಬ್ಲಾಕ್ಸ್ ತಂತ್ರಾಂಶದಲ್ಲಿ ಕಂಪೈಲರ್ ಸಮೇತ ಸಿಗುವ ಆವೃತ್ತಿಯನ್ನು ಇಳಿಸಿಕೊಳ್ಳಿ. ಎರಡೂ ಉಚಿತ. ಕಂಪ್ಯೂಟರೇ ಇಲ್ಲದವರು ಮೊಬೈಲಿನ ಬ್ರೌಸರ್‌ನಲ್ಲಿ ನಡೆಯುವ ಕಂಪೈಲರ್‌ನಿಂದಲೂ ಆರಂಭಿಸಬಹುದು.

ಮೊದಲ ಪ್ರೋಗ್ರಾಂ ಇದು. ಅಚ್ಚಿನ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಜೋಡಿ ಉದ್ಧರಣ ಚಿಹ್ನೆಗಳ ಹೊರಗೆ ಇರುವುದನ್ನೆಲ್ಲ ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತಬೇಕು. ಚಿಹ್ನೆಗಳ ಒಳಗೆ \ ಅಥವಾ % ಆದಮೇಲೆ ಬರುವ ಅಕ್ಷರಗಳಿಗೂ ಇದೇ ನಿಯಮ.

#ಇನ್‌ಕ್ಲೂಡ್ <ಎಸ್‌ಟಿಡಿಐಒ.ಎಚ್>
ಇಂಟ್ ಮೇನ್(ವಾಯ್ಡ್)
{
ಪ್ರಿಂಟ್‌ಎಫ್("ನಮಸ್ಕಾರ, ಜಮಖಂಡಿ\ಎನ್");
ರಿಟರ್ನ್ 0;
}

ಮೊದಲ ಸಾಲಿನಲ್ಲಿ ಇರುವುದು ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್ ಎಂಬುದರ ಮೊಟಕು ರೂಪ. ಅದನ್ನು ಸ್ಟುಡಿಯೋ ಎಂದು ಓದಿ ನಡುವೆ ಒಂದು ಯು ಸೇರಿಸುವವರು ಪ್ರತಿ ವರ್ಷವೂ ಇರುತ್ತಾರೆ. ಅಲ್ಲಿ ಯು ಇಲ್ಲ. ಕೆಲಸ ಶುರುವಾಗುವುದು ಮೇನ್‌ನಿಂದ. \ಎನ್ ಎಂದರೆ ಸಾಲು ಮುರಿ ಎಂದರ್ಥ. ಪ್ರಿಂಟ್‌ಎಫ್ ಎಂದರೆ ಪರದೆಗೆ ಬರೆ ಎಂದರ್ಥ. ಉದ್ಧರಣ ಚಿಹ್ನೆಯೊಳಗೆ ಕನ್ನಡವನ್ನೇ ಬರೆದರೂ ಇಂದಿನ ಲಿನಕ್ಸ್ ಪರದೆಯಲ್ಲಿ ಕನ್ನಡವೇ ಮೂಡುತ್ತದೆ. ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ಅಕ್ಷರದ ಬದಲು ಚೌಕಗಳು ಬಂದರೆ ಸದ್ಯಕ್ಕೆ ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ. ತಪ್ಪು ನಿಮ್ಮ ಪ್ರೋಗ್ರಾಂನದಲ್ಲ.

ಇದನ್ನು ನಕಲು ಮಾಡಿ ಅಂಟಿಸಬೇಡಿ. ಕೈಯಾರೆ ಒತ್ತಿ. ಸಾಲಿನ ಕೊನೆಯ ಅರ್ಧವಿರಾಮವನ್ನು (;) ಒಮ್ಮೆ ಬೇಕೆಂದೇ ಅಳಿಸಿ ನೋಡಿ. ಕಂಪೈಲರ್ ದೋಷ ಎಂದು ಹೇಳಿ ಸಾಲಿನ ಸಂಖ್ಯೆ ಕೊಡುತ್ತದೆ. ಎಷ್ಟೋ ಸಲ ತೋರಿಸುವುದು ಮುಂದಿನ ಸಾಲನ್ನು. ಆದ್ದರಿಂದ ತೋರಿಸಿದ ಸಾಲಿನ ಜೊತೆಗೆ ಅದರ ಮೇಲಿನದನ್ನೂ ಓದಿ. ಹತ್ತು ದೋಷಗಳು ಸಾಲಾಗಿ ಬಂದರೂ ಮೊದಲನೆಯದನ್ನು ಮಾತ್ರ ತಿದ್ದಿ ಮತ್ತೆ ಕಂಪೈಲ್ ಮಾಡಿ. ಉಳಿದವು ಬಹುಮಟ್ಟಿಗೆ ತಾವಾಗಿಯೇ ಹೋಗುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಟ್ರ್ಯಾಕ್ಟರ್ ಕಬ್ಬಿನ ತೂಕ 17.640 ಟನ್. ದರ ಟನ್ನಿಗೆ 3000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಕೀಲಿಮಣೆ ಮುಟ್ಟುವ ಮೊದಲು ನೋಟ್‌ಬುಕ್ಕಿನಲ್ಲಿ ಗುಣಾಕಾರ ಮಾಡಿ: 52920. ಈ ಉತ್ತರ ಕಣ್ಣ ಮುಂದೆ ಇಲ್ಲದೆ ಪ್ರೋಗ್ರಾಂ ಓಡಿಸಲು ನಾನು ಯಾರನ್ನೂ ಬಿಡುವುದಿಲ್ಲ. ಏಕೆಂದರೆ ಅರ್ಧವಿರಾಮ ತಪ್ಪಿದರೆ ಕಂಪೈಲರ್ ಕೂಗಿ ಹೇಳುತ್ತದೆ. ಲೆಕ್ಕ ತಪ್ಪಿದರೆ ಸುಮ್ಮನಿರುತ್ತದೆ.

ತೇರದಾಳದ ಕಡೆಯ ಒಬ್ಬ ವಿದ್ಯಾರ್ಥಿನಿ ಅಪ್ಪನ ಕಾಟಾ ಚೀಟಿಯನ್ನೇ ತಂದಿದ್ದಳು. ತೂಕ, ದರ ಎರಡನ್ನೂ ಇಂಟ್ ಎಂದು ಘೋಷಿಸಿ ಪ್ರೋಗ್ರಾಂ ಬರೆದಳು. ತೂಕ ಕೇಳಿದಾಗ 17.640 ಒತ್ತಿದಳು. ಮರುಕ್ಷಣವೇ, ದರ ಒತ್ತಲು ಬಿಡದೆ, ಅರ್ಥವಿಲ್ಲದ ಒಂದು ಸಂಖ್ಯೆ ಪರದೆಗೆ ಬಂತು. "ಸರ್, ನಾನು ದರ ಹೇಳುವ ಮೊದಲೇ ಇದು ಬಿಲ್ಲು ಮಾಡಿಬಿಟ್ಟಿತು" ಎಂದಳು.

ಆಗಿದ್ದು ಇಷ್ಟು. ಇಂಟ್ ಎಂಬ ಡಬ್ಬಿಯಲ್ಲಿ ಪೂರ್ಣಾಂಕ ಮಾತ್ರ ಹಿಡಿಯುತ್ತದೆ. ಯಂತ್ರ 17ನ್ನು ಎತ್ತಿಕೊಂಡು ಬಿಂದುವಿನ ಬಳಿ ನಿಂತಿತು. ಒತ್ತಿದ್ದರಲ್ಲಿ .640 ಹಾಗೆಯೇ ಉಳಿಯಿತು. ದರವನ್ನು ಓದಲು ಬಂದಾಗ ಎದುರಿಗೆ ಸಿಕ್ಕಿದ್ದು ಆ ಬಿಂದು. ಅದು ಪೂರ್ಣಾಂಕವಲ್ಲ, ಓದು ವಿಫಲವಾಯಿತು. ದರದ ಡಬ್ಬಿಯಲ್ಲಿ ಮೊದಲೇ ಬಿದ್ದಿದ್ದ ಕಸದಿಂದಲೇ ಗುಣಾಕಾರ ನಡೆಯಿತು. ದರವನ್ನು ಪ್ರೋಗ್ರಾಂನಲ್ಲೇ 3000 ಎಂದು ಬರೆದಿದ್ದರೆ ಇನ್ನೂ ಅಪಾಯ: 51000 ಎಂಬ ಅಚ್ಚುಕಟ್ಟಾದ ಉತ್ತರ ಬರುತ್ತಿತ್ತು. 640 ಕಿಲೋ ಕಬ್ಬಿನ 1920 ರೂಪಾಯಿ ಸದ್ದಿಲ್ಲದೆ ಹೋಗುತ್ತಿತ್ತು. ಬಿಸಿಲಿನಲ್ಲಿ ಕಟಾವು ಮಾಡಿದವರ ಲೆಕ್ಕ ಇದು. ದಶಮಾಂಶ ಇರುವಲ್ಲಿ ಡಬಲ್ ಎಂಬ ಡಬ್ಬಿಯನ್ನೇ ಬಳಸಬೇಕು.

ಮೇನ್‌ನ ಪುಷ್ಪಾವರಣದೊಳಗೆ, ರಿಟರ್ನ್‌ಗೆ ಮೊದಲು, ಹೀಗೆ ಬರೆಯಿರಿ:

ಡಬಲ್ ತೂಕ, ದರ;
ಪ್ರಿಂಟ್‌ಎಫ್("ತೂಕ, ದರ ಕೊಡಿ: ");
ಸ್ಕ್ಯಾನ್‌ಎಫ್("%ಎಲ್‌ಎಫ್ %ಎಲ್‌ಎಫ್", &ತೂಕ, &ದರ);
ಪ್ರಿಂಟ್‌ಎಫ್("ಬಿಲ್ಲು: %.2ಎಲ್‌ಎಫ್\ಎನ್", ತೂಕ * ದರ);

ತೂಕ, ದರ ಎಂಬ ನಮ್ಮ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಎ, ಬಿ ಎಂದು ಇಟ್ಟರೆ ನಾಲ್ಕು ದಿನದ ಮೇಲೆ ನಿಮಗೇ ತಿಳಿಯದು. ಸ್ಕ್ಯಾನ್‌ಎಫ್ ನೀವು ಒತ್ತಿದ್ದನ್ನು ಓದುತ್ತದೆ. %ಎಲ್‌ಎಫ್ ಡಬಲ್ ಸಂಖ್ಯೆಯ ಗುರುತು. & ಚಿಹ್ನೆ ಡಬ್ಬಿಯ ವಿಳಾಸವನ್ನು ಹೇಳುತ್ತದೆ. ವಿಳಾಸವಿಲ್ಲದೆ ಪತ್ರ ಮನೆ ಸೇರುವುದಿಲ್ಲ, ಓದಿದ ಸಂಖ್ಯೆಯೂ ಅಷ್ಟೇ. %.2 ಎಂದರೆ ಬಿಂದುವಿನ ನಂತರ ಎರಡು ಅಂಕಿ, ಅಂದರೆ ಪೈಸೆ. ಕೊಡುವಾಗ 17.640 ಒತ್ತಿ, ಒಂದು ಜಾಗ ಬಿಟ್ಟು 3000 ಒತ್ತಿ. ಪರದೆಯಲ್ಲಿ 52920.00 ಬರಬೇಕು. ಜಿಸಿಸಿಗೆ ಆಜ್ಞೆ ಕೊಡುವಾಗ ಮೈನಸ್ ಚಿಹ್ನೆ, ದೊಡ್ಡಕ್ಷರದ ಡಬ್ಲ್ಯು, ಅದಕ್ಕೆ ಅಂಟಿಕೊಂಡಂತೆ ಸಣ್ಣಕ್ಷರದಲ್ಲಿ ಆಲ್ ಎಂದು ಸೇರಿಸಿದರೆ, & ಮರೆತದ್ದನ್ನೂ ಅದು ಎಚ್ಚರಿಸುತ್ತದೆ. ಮೊದಲ ದಿನದಿಂದಲೇ ಇದನ್ನು ರೂಢಿ ಮಾಡಿಕೊಳ್ಳಿ.

ಇದೇ ಮನೆತನದ ಇನ್ನೊಂದು ತೊಡಕು ಭಾಗಾಕಾರದಲ್ಲಿದೆ. 7 / 2 ಎಂದರೆ, ಎರಡೂ ಪೂರ್ಣಾಂಕವಾದ್ದರಿಂದ, ಸಿ ಭಾಷೆ 3 ಎನ್ನುತ್ತದೆ. ಶೇಕಡಾ ಐದು ಕಳೆಯಲು 5 / 100 ಎಂದು ಬರೆದರೆ ಸಿಗುವುದು ಸೊನ್ನೆ, 5.0 / 100 ಎಂದು ಬರೆಯಿರಿ. ಹಳೆಯ ನೀಲಿ ಪರದೆಯ ಟರ್ಬೊ ಸಿ ಬಳಸುವವರು ಮತ್ತೊಂದನ್ನು ತಿಳಿದಿರಬೇಕು. ಅಲ್ಲಿ ಇಂಟ್ ಹಿಡಿಯುವುದು 32767ರವರೆಗೆ ಮಾತ್ರ. 17ನ್ನು 3000ದಿಂದ ಗುಣಿಸಿದರೆ ಮೈನಸ್ 14536 ಬರುತ್ತದೆ! ಕಬ್ಬು ಕೊಟ್ಟವರೇ ಕಾರ್ಖಾನೆಗೆ ಹಣ ಕಟ್ಟಬೇಕೆಂಬ ಬಿಲ್ಲು. ಇಂದಿನ ಜಿಸಿಸಿಯಲ್ಲಿ ಈ ಮಿತಿ 214 ಕೋಟಿಗೂ ಮೇಲಿದೆ. ಸಾಧ್ಯವಿದ್ದರೆ ಹೊಸ ಕಂಪೈಲರ್‌ಗೆ ಬನ್ನಿ.

ಒಂದು ಟ್ರ್ಯಾಕ್ಟರ್ ಆಯಿತು, ಮೂರು ಬಂದರೆ? ಅದಕ್ಕೆ ಫಾರ್ ಎಂಬ ಸುತ್ತು ಇದೆ. ಐ ಎಂಬ ಎಣಿಕೆಯನ್ನು 1ರಿಂದ 3ರವರೆಗೆ ಒಂದೊಂದಾಗಿ ಏರಿಸುತ್ತ ಅದು ಒಳಗಿನ ಕೆಲಸವನ್ನು ಪ್ರತಿ ಸಲವೂ ಮಾಡುತ್ತದೆ. ಬರೆದ ನಾಲ್ಕು ಸಾಲುಗಳನ್ನು ತೆಗೆದು ಇವನ್ನು ಹಾಕಿ:

ಡಬಲ್ ತೂಕ, ಮೊತ್ತ = 0;
ಇಂಟ್ ಐ;
ಫಾರ್ (ಐ = 1; ಐ <= 3; ಐ++)
{
ಸ್ಕ್ಯಾನ್‌ಎಫ್("%ಎಲ್‌ಎಫ್", &ತೂಕ);
ಮೊತ್ತ = ಮೊತ್ತ + ತೂಕ;
}
ಪ್ರಿಂಟ್‌ಎಫ್("%.3ಎಲ್‌ಎಫ್ %.2ಎಲ್‌ಎಫ್\ಎನ್", ಮೊತ್ತ, ಮೊತ್ತ * 3000);

ಗಣಿತ ಚೆನ್ನಾಗಿ ಓದಿದವರು ಮೊತ್ತದ ಸಾಲಿಗೆ ತಕರಾರು ತೆಗೆಯುತ್ತಾರೆ, ಎರಡೂ ಬದಿ ಸಮ ಹೇಗಾದೀತು ಎಂದು. ತಕರಾರು ನ್ಯಾಯವಾದದ್ದೇ. ಆದರೆ ಇಲ್ಲಿ = ಎಂದರೆ ಸಮ ಎಂದಲ್ಲ; ಬಲಗಡೆಯ ಲೆಕ್ಕ ಮುಗಿಸಿ ಎಡಗಡೆಯ ಡಬ್ಬಿಯಲ್ಲಿ ಇಡು ಎಂಬ ಆಜ್ಞೆ. ಮೊತ್ತಕ್ಕೆ ಮೊದಲೇ ಸೊನ್ನೆ ಹಾಕಿದ್ದು ಕಸ ಗುಡಿಸಿ ಕಣ ಮಾಡಿದ ಹಾಗೆ. ಅದನ್ನು ಬಿಟ್ಟರೆ ತೇರದಾಳದ ಹುಡುಗಿಗೆ ಬಂದಂತಹ ಉತ್ತರವೇ ಬಂದೀತು. ಫಾರ್ ಸಾಲಿನ ಕೊನೆಗೆ ಅರ್ಧವಿರಾಮ ಇಡಬಾರದು. ಇಟ್ಟರೆ ಸುತ್ತು ಬರಿದೇ ಮೂರು ಸಲ ತಿರುಗಿ, ಒಳಗಿನ ಕೆಲಸ ಒಂದೇ ಸಲ ನಡೆಯುತ್ತದೆ.

ಪರೀಕ್ಷಿಸಲು 17.640, 16.255, 18.105 ಕೊಡಿ. ನೋಟ್‌ಬುಕ್ಕಿನಲ್ಲಿ ಮೊದಲು ಕೂಡಿಸಿಕೊಂಡಿದ್ದರೆ ಸರಿಯಾಗಿ 52 ಟನ್ ಆಗುತ್ತದೆ, ಪರದೆಯಲ್ಲಿ 52.000, ಪಕ್ಕದಲ್ಲಿ 156000.00 ಬರಬೇಕು. ಬಂದ ಮೇಲೆ 3ರ ಜಾಗದಲ್ಲಿ ನಿಮ್ಮ ಮನೆಯಿಂದ ಹೋದ ಟ್ರ್ಯಾಕ್ಟರುಗಳ ಸಂಖ್ಯೆ ಹಾಕಿ, ಡಬ್ಬದಲ್ಲಿ ಕೂಡಿಟ್ಟಿರುವ ಈ ಹಂಗಾಮಿನ ಚೀಟಿಗಳನ್ನು ಹೊರಗೆ ತೆಗೆಯಿರಿ.