ಕ್ರಿಸ್ಟಲಿನಂಗೆ ಗೂಟಿ ಕಟ್ಟಿ ಗಿಡ ಇಳಿಸಿದ್ದು

ಗೂಟಿ (ಗಿಡದಲ್ಲಿದ್ದಾಗಲೇ ಕಾಂಡಕ್ಕೆ ಬೇರು ಬರಿಸಿ ಆಮೇಲೆ ಕತ್ತರಿಸುವುದು) ಏನಿದ್ದರೂ ಸೀಬೆ, ನಿಂಬೆಗೆ ಸರಿ, ಆಂಥೂರಿಯಂಗೆ ಅದು ನಡೆಯುವುದಿಲ್ಲ ಎಂದು ಮೂಡಿಗೆರೆ ಕಡೆಯ ಗಿಡದವರೆಲ್ಲ ಹೇಳುತ್ತಿದ್ದರು. ನಾನು ಎರಡು ವರ್ಷದಲ್ಲಿ ಗೂಟಿ ಕಟ್ಟಿಯೇ ಇಪ್ಪತ್ತರ ಮೇಲೆ ಕ್ರಿಸ್ಟಲಿನಂ ಎಂಬ ಜಾತಿಯ ಆಂಥೂರಿಯಂ ಇಳಿಸಿದ್ದೇನೆ. ಸತ್ತದ್ದು ಎರಡೋ ಮೂರೋ.

ಹೂವಿನ ಆಂಥೂರಿಯಂ ನಮ್ಮಲ್ಲಿ ಹೊಸದಲ್ಲ. ಇದು ಎಲೆಗೋಸ್ಕರ ಸಾಕುವುದು, ಮಖಮಲ್ಲಿನಂಥ ಎಲೆ, ಬೆಳ್ಳಿ ನರ. ಕೊಲಂಬಿಯಾ, ಪನಾಮಾ ಕಡೆಯ ಮಳೆಕಾಡಿನ ಗಿಡ. ಹಾಗಂತ ನಮ್ಮ ಜಡಿಮಳೆಗೆ ಬಿಟ್ಟರೆ ಉಳಿಯುವುದಿಲ್ಲ. ಅದರ ಬೇರಿಗೆ ತೇವ ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು.

ಮೊದಲ ಸಲ ಆಷಾಢದಲ್ಲಿ ಕಾಂಡ ಕತ್ತರಿಸಿ, ಆರು ತುಂಡು ಮಾಡಿ ಕೋಕೋಪೀಟಿನಲ್ಲಿ ಊರಿದ್ದೆ. ಐದು ಕೊಳೆತವು. ತಾಯಿಗಿಡಕ್ಕೇ 1,800 ರೂಪಾಯಿ ಕೊಟ್ಟಿದ್ದೆ. ಆ ತೇವದಲ್ಲಿ ಕತ್ತರಿಸಿದ ಗಾಯ ಒಣಗಲಿಲ್ಲ, ನೀರೆಳೆಯಲು ಬೇರೂ ಇರಲಿಲ್ಲ. ಮುಂದಿನ ಸಲ ತೋಟದ ಕಾಫಿ ಸಿಪ್ಪೆ ಬೆರೆಸಿದೆ. ಪೂರ್ತಿ ಕಳಿಯದ ಸಿಪ್ಪೆ ಕುಂಡದೊಳಗೇ ಬಿಸಿಯಾಗಿ ಎಳೆ ಬೇರು ಸುಟ್ಟುಹೋಯಿತು. ಎರಡೂ ಸೇರಿ ನಾಲ್ಕು ಸಾವಿರದಷ್ಟು ನಷ್ಟ.

ಆಮೇಲೆ ಕ್ರಮ ತಿರುವುಮುರುವು ಮಾಡಿದೆ. ಮೊದಲು ಬೇರು, ಆಮೇಲೆ ಕತ್ತರಿ. ಕೆಳಗಿನ ಎಲೆ ಉದುರಿ ಕಾಂಡ ಬೋಳಾದಾಗ ಗೆಣ್ಣುಗಳಲ್ಲಿ ಸಣ್ಣ ಗುಬುಟು ಕಾಣುತ್ತದೆ, ಬೇರು ಬರುವುದು ಅಲ್ಲಿಂದಲೇ. ಸೀಬೆಗೆ ಮಾಡುವ ಹಾಗೆ ತೊಗಟೆಯ ಉಂಗುರ ತೆಗೆಯಬಾರದು. ಇದು ಏಕದಳ ಗಿಡ, ತೆಗೆಯಲು ಆ ಥರದ ತೊಗಟೆಯೇ ಇಲ್ಲ. ಕೊಯ್ದರೆ ಅಲ್ಲಿಂದಲೇ ಕೊಳೆ ಶುರು.

ಪಾರದರ್ಶಕ ಪ್ಲಾಸ್ಟಿಕ್ ಲೋಟದ ತಳಕ್ಕೆ ಕಾಂಡದ ಗಾತ್ರದ ತೂತು ಕೊರೆದು, ಒಂದು ಬದಿ ಮೇಲಿಂದ ಕೆಳಕ್ಕೆ ಸೀಳಿ, ಎರಡು ಗೆಣ್ಣು ಒಳಗೆ ಬರುವಂತೆ ಸುತ್ತಿ ಟೇಪ್ ಹಾಕಿ. ಸುತ್ತ ನಾಲ್ಕೈದು ತೂತು ಇರಲಿ. ಒಳಗೆ ಸ್ಫ್ಯಾಗ್ನಂ ಮಾಸ್ (ನೀರು ಹಿಡಿದಿಡುವ ಒಂದು ಬಗೆಯ ಒಣ ಪಾಚಿ). ನೆನೆಸಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾದರೆ ಜಾಸ್ತಿಯಾಯಿತು. ಗಟ್ಟಿಯಾಗಿ ತುರುಕಬೇಡಿ. ಮಾಸ್ ದುಬಾರಿ ಎಂದು ತೋಟದ ಮರದ ಪಾಚಿ ಹಾಕಿ ನೋಡಿದೆ. ಬೇಗ ಒಣಗಿತು, ಜೊತೆಗೆ ಬಸವನಹುಳದ ಮೊಟ್ಟೆಯೂ ಬಂತು. ಮರದಿಂದ ಪಾಚಿ ಕೀಳುವುದು ತೋಟಕ್ಕೂ ಒಳ್ಳೆಯದಲ್ಲ.

ಏಪ್ರಿಲ್, ಮೇನಲ್ಲಿ ಕಟ್ಟಿದರೆ ಐದಾರು ವಾರ. ಡಿಸೆಂಬರ್ ಚಳಿಯಲ್ಲಿ ಎರಡೂವರೆ ತಿಂಗಳಾದರೂ ಕಾಯಬೇಕು. ಲೋಟದ ಗೋಡೆಗೆ ಒಂದು ಬೇರು ತಾಗಿತೆಂದು ಕತ್ತರಿಸಬೇಡಿ. ಬಿಳಿ ಬೇರಿನ ಪಕ್ಕದಿಂದ ಕೂದಲಿನಷ್ಟು ಸಣ್ಣ ಕವಲುಗಳು ಹೊರಡಬೇಕು. ಆಗ ಲೋಟದ ಕೆಳಗೆ ಅರ್ಧ ಇಂಚು ಬಿಟ್ಟು, ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಒಂದೇ ಸಲಕ್ಕೆ ಕತ್ತರಿಸಿ. ಗಾಯಕ್ಕೆ ಮಾತ್ರ ದಾಲ್ಚಿನ್ನಿ ಪುಡಿ. ಬೇರಿಗೆ ತಾಗಿದರೆ ಬೇರು ಒಣಗುತ್ತದೆ. ಅರ್ಧ ದಿನ ನೆರಳಲ್ಲಿಟ್ಟು ಕುಂಡಕ್ಕೆ ಹಾಕಿ. ಕೆಳಗೆ ಉಳಿದ ಮೋಟನ್ನು ಕಿತ್ತೆಸೆಯಬೇಡಿ, ಎರಡು ಮೂರು ತಿಂಗಳಲ್ಲಿ ಚಿಗುರುತ್ತದೆ. ನನ್ನ ಲಾಭವೆಲ್ಲ ಬಂದದ್ದು ಆ ಮೋಟುಗಳಿಂದ.

ಕುಂಡಕ್ಕೆ ತೆಂಗಿನ ಸಿಪ್ಪೆಯ ಚೂರು ಮೂರು ಪಾಲು, ಇದ್ದಿಲು ಒಂದು, ಇಟ್ಟಿಗೆ ಚೂರು ಒಂದು, ಎರೆಗೊಬ್ಬರ ಒಂದು ಹಿಡಿ. ಸಿಪ್ಪೆಯನ್ನು ಎರಡು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ತೆಗೆಯಬೇಕು, ಇಲ್ಲವೆಂದರೆ ಎಲೆಯಂಚು ಸುಡುತ್ತದೆ. ಕತ್ತರಿಸಿದ ಮೊದಲ ತಿಂಗಳು ನಾನು ಕೊಡುವ ದ್ರವದ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಫೆಬ್ರವರಿ, ಮಾರ್ಚಿನ ಒಣಗಾಳಿಯಲ್ಲಿ ಹೊಸ ಎಲೆ ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಳ್ಳುತ್ತದೆ. ತಾಮ್ರದ ಬಣ್ಣದ ಆ ಎಳೆ ಎಲೆ ಒದ್ದೆ ಕಾಗದದಷ್ಟು ಮೆತ್ತಗೆ, ಬೆರಳಲ್ಲಿ ಬಿಡಿಸಲು ಹೋದರೆ ಹರಿಯುತ್ತದೆ. ಕೆಳಗೆ ನೀರು ತುಂಬಿದ ತಟ್ಟೆಯಲ್ಲಿ ಜಲ್ಲಿ ಹಾಕಿ ಅದರ ಮೇಲೆ ಕುಂಡ ಇಡುತ್ತೇನೆ. ಎಲೆಗೆ ಎಣ್ಣೆ ಒರೆಸಲೇಬಾರದು, ಮಖಮಲ್ಲು ಹೋಗುತ್ತದೆ.

ಬೀಜದಿಂದಲೂ ಮಾಡಿ ನೋಡಿದೆ. ಹೂಕಡ್ಡಿ ಮೊದಲು ಹೆಣ್ಣಾಗಿ ಅಂಟು ಹನಿ ಬಿಡುತ್ತದೆ, ಪರಾಗ ಬರುವುದು ಆಮೇಲೆ. ಆದ್ದರಿಂದ ಹಳೆ ಹೂವಿನ ಪರಾಗವನ್ನು ಕಾಗದದ ಪೊಟ್ಟಣದಲ್ಲಿ ಫ್ರಿಜ್ಜಿನಲ್ಲಿಟ್ಟು, ಹನಿ ಕಂಡ ದಿನ ಬ್ರಷ್ಷಿನಲ್ಲಿ ಸವರಿದೆ. ಹಣ್ಣಾಗಲು ಏಳೆಂಟು ತಿಂಗಳು ಹಿಡಿಯಿತು. ಹಣ್ಣು ಹಿಸುಕಿ, ಲೋಳೆ ತೊಳೆದು, ಒಣಗಿಸದೆ ಆವತ್ತೇ ಮಾಸ್ ಮೇಲೆ ಹರಡಬೇಕು. ಮೂವತ್ತರಲ್ಲಿ ಇಪ್ಪತ್ತೈದು ಮೊಳೆತವು. ಆದರೆ ಅದೇ ಬ್ರಷ್ಷನ್ನು ಮ್ಯಾಗ್ನಿಫಿಕಂ ಎಂಬ ಇನ್ನೊಂದು ಆಂಥೂರಿಯಂ ಜಾತಿಯ ಹೂವಿಗೂ ಬಳಸಿದ್ದರಿಂದ ಯಾವುದು ಬೆರಕೆಯೋ ಹೇಳಲಾಗದು. ಹಾಗಾಗಿ ಆ ಸಸಿಗಳನ್ನು ಕ್ರಿಸ್ಟಲಿನಂ ಎಂದು ಮಾರಿಲ್ಲ. ಗೂಟಿಯ ಗಿಡ ಮಾತ್ರ 600ರಿಂದ 900 ರೂಪಾಯಿಗೆ ಹೋಗಿವೆ.